ಅಪ್ಪನ ಕಿರ್ದಿಯಲ್ಲಿ ನನ್ನ ಎಂಬಿಎ

ನಮ್ಮ ಅಪ್ಪ ಕಲಬುರಗಿಯ ಕಪನೂರು ಕೈಗಾರಿಕಾ ಪ್ರದೇಶದ ಒಂದು ದಾಲ್ ಮಿಲ್ಲಿನಲ್ಲಿ ಗುಮಾಸ್ತರು. ಮಿಲ್ಲಿಗೆ ಕಂಪ್ಯೂಟರ್ ಬಂದು ಎಷ್ಟೋ ವರ್ಷಗಳಾದರೂ ಮನೆಯ ಲೆಕ್ಕವನ್ನು ಮಾತ್ರ ಕೆಂಪು ಬಟ್ಟೆಯ ರಟ್ಟು ಹಾಕಿದ ಉದ್ದನೆಯ ಕಿರ್ದಿಯಲ್ಲೇ ಬರೆಯುತ್ತಾರೆ. ಹಾಲು, ಗ್ಯಾಸ್, ಅಜ್ಜಿಯ ಮಾತ್ರೆ, ಎಳ್ಳ ಅಮಾವಾಸ್ಯೆಗೆ ತಂದ ಸಜ್ಜೆ, ಎಲ್ಲಕ್ಕೂ ಒಂದೊಂದು ಸಾಲು. ಅದರ ಹಿಂಭಾಗದಲ್ಲಿ ನನ್ನ ಹೆಸರಿಗೆ ಬೇರೆಯದೇ ಒಂದು ಖಾತೆ ಇದೆ. 2018ರ ಜುಲೈಯಲ್ಲಿ ಶುರುವಾದ ಖಾತೆ ಅದು. ಕಳೆದ ತಿಂಗಳು ಅಪ್ಪ ಅಲ್ಲಿ ಅಡ್ಡಗೆರೆ ಎಳೆದು ಮೂರು ಅಂಕಿಗಳನ್ನು ಬರೆದರು. ಪಡೆದದ್ದು 10 ಲಕ್ಷ. ಕಟ್ಟಿದ್ದು 8 ಲಕ್ಷ. ಉಳಿದದ್ದು 8 ಲಕ್ಷ 88 ಸಾವಿರ.

ನನ್ನ ತಮ್ಮ ಆ ಪುಟವನ್ನು ನೋಡಿ, ‘ಅಪ್ಪಾ, ಕೂಡಿಸುವುದರಲ್ಲಿ ಎಲ್ಲೋ ತಪ್ಪಾಗಿದೆ’ ಎಂದ. ತಪ್ಪಾಗಿಲ್ಲ. ಅವನು ಈ ವರ್ಷ ಪಿಯುಸಿ ಮುಗಿಸಿದ್ದಾನೆ. ಬೆಂಗಳೂರಿನ ಖಾಸಗಿ ವಿಶ್ವವಿದ್ಯಾಲಯವೊಂದರ ಪ್ರವೇಶಪತ್ರ ಅವನ ಮೊಬೈಲಿಗೆ ಬಂದು ಕೂತಿದೆ. ಏಳು ವರ್ಷದ ಹಿಂದೆ ಅಂಥದೇ ಒಂದು ಪತ್ರವನ್ನು ನಾನು ಅಪ್ಪನ ಮುಂದೆ ಹಿಡಿದಿದ್ದೆ. ಆ ಮೂರು ಅಂಕಿಗಳು ಹೇಗೆ ಹುಟ್ಟಿದವು ಎಂಬುದನ್ನು ಅವನಿಗೆ ಬಾಯಿಮಾತಿನಲ್ಲಿ ಹೇಳಿದರೆ ಅರ್ಧಕ್ಕೇ ಎದ್ದು ಹೋಗುತ್ತಾನೆ. ಹಾಗಾಗಿ ಬರೆಯುತ್ತಿದ್ದೇನೆ.

2018ರಲ್ಲಿ ನಾನು ಬಿಕಾಂ ಮುಗಿಸಿದ್ದೆ. ಸ್ನಾತಕೋತ್ತರ ಪ್ರವೇಶ ಪರೀಕ್ಷೆಯಾದ ಪಿಜಿಸಿಇಟಿಯಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯದ ಎಂಬಿಎ ಸೀಟು ಸಿಗುವಷ್ಟು ರ್‍ಯಾಂಕ್ ಬಂದಿತ್ತು. ಅಲ್ಲಿನ ಶುಲ್ಕವನ್ನು ಅಪ್ಪ ತಮ್ಮ ಉಳಿತಾಯದಲ್ಲೇ ಕಟ್ಟಬಹುದಿತ್ತು. ಜ್ಞಾನಗಂಗಾ ಆವರಣಕ್ಕೆ ಮನೆಯಿಂದ ನಗರ ಸಾರಿಗೆ ಬಸ್ಸು, ಮಧ್ಯಾಹ್ನಕ್ಕೆ ಅವ್ವ ಕಟ್ಟಿಕೊಟ್ಟ ರೊಟ್ಟಿ. ಅದೇ ನನಗೆ ಬೇಡವಾಗಿತ್ತು. ಆ ಬೇಸಿಗೆಯಲ್ಲಿ ರೈಲು ನಿಲ್ದಾಣದ ಹತ್ತಿರದ ಹೋಟೆಲೊಂದರಲ್ಲಿ ಶೈಕ್ಷಣಿಕ ಮೇಳ ನಡೆದಿತ್ತು. ಬೆಂಗಳೂರಿನ ಒಂದು ಖಾಸಗಿ ಮ್ಯಾನೇಜ್‌ಮೆಂಟ್ ಸಂಸ್ಥೆಯವರು ಕೊಟ್ಟ ನುಣುಪು ಹಾಳೆಯ ಪುಸ್ತಿಕೆಯಲ್ಲಿ ‘ಗರಿಷ್ಠ ಪ್ಯಾಕೇಜ್ 14 ಲಕ್ಷ’ ಎಂದು ದಪ್ಪ ಅಕ್ಷರದಲ್ಲಿತ್ತು. ಎರಡು ವರ್ಷದ ಶುಲ್ಕ 9 ಲಕ್ಷ, ಹಾಸ್ಟೆಲ್ ಮತ್ತು ಊಟಕ್ಕೆ ಎರಡೂವರೆ ಲಕ್ಷ.

ಬರೀ ಸಂಬಳದ ಆಸೆಯಿಂದ ಹೋದೆ ಎಂದರೆ ಅದು ಪೂರ್ತಿ ಸತ್ಯವಾಗುವುದಿಲ್ಲ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು ನಾನು. ಇಂಗ್ಲಿಷಿನಲ್ಲಿ ಯಾರಾದರೂ ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದರೂ ಗಂಟಲು ಕಟ್ಟುತ್ತಿತ್ತು. ಬೆಂಗಳೂರಿನಲ್ಲಿ ಓದಿಬಂದವರು ನಮ್ಮ ಓಣಿಯಲ್ಲಿ ನಡೆಯುವ ರೀತಿಯೇ ಬೇರೆ ಎಂದು ನನಗೆ ಅನ್ನಿಸುತ್ತಿತ್ತು. ಆ ನಡಿಗೆ ನನಗೆ ಬೇಕಿತ್ತು. ಇಪ್ಪತ್ತೊಂದು ವರ್ಷದ ಹುಡುಗಿಗೆ ಅದು ಸಣ್ಣ ಆಸೆಯಲ್ಲ, ಇವತ್ತಿಗೂ ಅದನ್ನು ನಾನು ಸಣ್ಣದು ಎನ್ನುವುದಿಲ್ಲ. ಆದರೆ ಅದಕ್ಕೂ ಒಂದು ಬೆಲೆ ಇರುತ್ತದೆ, ಅದನ್ನೂ ಕೇಳಬೇಕು ಎಂಬುದು ಆಗ ತೋಚಲಿಲ್ಲ.

ಶಿಕ್ಷಣ ಸಾಲದ ನಿಯಮಗಳು ಆಗ ನನಗೆ ಬಾಯಿಪಾಠವಾಗಿದ್ದವು. 4 ಲಕ್ಷದವರೆಗೆ ತಂದೆ ಅಥವಾ ತಾಯಿ ಸಹಸಾಲಗಾರರಾದರೆ ಸಾಕು, ಅಡಮಾನವಿಲ್ಲ. 7.5 ಲಕ್ಷದವರೆಗೆ ಕೇಂದ್ರ ಸರ್ಕಾರದ ಸಾಲ ಖಾತರಿ ನಿಧಿ ಬ್ಯಾಂಕಿನ ಬೆನ್ನಿಗಿರುತ್ತದೆ. ಅದನ್ನು ದಾಟಿದರೆ ಆಸ್ತಿ ಇಡಬೇಕು. ನನಗೆ ಬೇಕಿದ್ದದ್ದು 10 ಲಕ್ಷ. ಉಳಿದ ಒಂದೂವರೆ ಲಕ್ಷಕ್ಕೆ ಅವ್ವನ ಬಂಗಾರದ ಸರ ಮತ್ತು ಎರಡು ಬಳೆಗಳು ಹೋದವು.

ಹುಮನಾಬಾದ್ ರಸ್ತೆಯ ಆಚೆ ನಮ್ಮದೊಂದು 30×40 ನಿವೇಶನವಿತ್ತು. 2006ರಲ್ಲಿ ಚೀಟಿ ಎತ್ತಿ ಕೊಂಡದ್ದು. ಮನೆ ಕಟ್ಟುವಾಗ ನೆರಳಿರಲಿ ಎಂದು ಅಪ್ಪ ಮೂಲೆಯಲ್ಲಿ ಒಂದು ಬೇವಿನ ಸಸಿ ನೆಟ್ಟಿದ್ದರು, ಅದು ಆಗಲೇ ಆಳೆತ್ತರ ಮೀರಿತ್ತು. ಆ ನಿವೇಶನದ ಕ್ರಯಪತ್ರ, ಋಣಭಾರ ಪ್ರಮಾಣಪತ್ರ, ಮಹಾನಗರ ಪಾಲಿಕೆಯ ಖಾತೆ ನಕಲು, ತೆರಿಗೆ ರಸೀದಿಗಳು, ನಾಡಕಚೇರಿಯ ಆದಾಯ ಪ್ರಮಾಣಪತ್ರ, ಮಿಲ್ಲಿನ ಸಂಬಳ ಪತ್ರ ಎಲ್ಲವನ್ನೂ ಹೊಂದಿಸಲು ಐದು ವಾರ ಹಿಡಿಯಿತು. ಬ್ಯಾಂಕು ಸೂಚಿಸಿದ ವಕೀಲರು ಹಕ್ಕು ಸರಿಯಿದೆ ಎಂದು ಬರೆದುಕೊಟ್ಟರು, ಎಂಜಿನಿಯರ್ ಬಂದು ಬೆಲೆ ಕಟ್ಟಿದರು. ಇಬ್ಬರ ಶುಲ್ಕವೂ ನಮ್ಮದೇ. ಕಲಬುರಗಿಯ ಬಿಸಿಲು ನೆತ್ತಿ ಸುಡುವ ಹೊತ್ತಿನಲ್ಲಿ ಅಪ್ಪ ಮಿಲ್ಲಿನಿಂದ ಒಂದು ಗಂಟೆ ಬಿಡುವು ಕೇಳಿ ಸೈಕಲ್ ಮೇಲೆ ಬರುತ್ತಿದ್ದರು.

ಸಹಿ ಹಾಕಿದ ದಿನ ಚೆನ್ನಾಗಿ ನೆನಪಿದೆ. ಹಾಳೆಗಳ ಕಟ್ಟೊಂದನ್ನು ಅಪ್ಪನ ಮುಂದೆ ಇಟ್ಟರು. ಪ್ರತಿ ಹಾಳೆಯ ಕೆಳಗೆ ಪೆನ್ಸಿಲ್‌ನಿಂದ ಒಂದು ಗುಣಾಕಾರದ ಗುರುತು. ಅಪ್ಪ ಕನ್ನಡದಲ್ಲಿ, ಒಂದೊಂದು ಅಕ್ಷರವನ್ನೂ ಬಿಡಿಸಿ ಸಹಿ ಮಾಡುವವರು. ಅವರ ಉಗುರಿನ ಸಂದಿಯಲ್ಲಿ ತೊಗರಿಯ ಹಳದಿ ಧೂಳು ಕೂತಿತ್ತು, ಹಾಳೆಯ ಅಂಚಿಗೂ ಸ್ವಲ್ಪ ಮೆತ್ತಿಕೊಂಡಿತು. ಅಧಿಕಾರಿ ನನ್ನನ್ನು, ‘ಓದು ಮುಗಿದ ಮೇಲೆ ಎಷ್ಟು ಸಂಬಳ ನಿರೀಕ್ಷಿಸುತ್ತೀಯಮ್ಮಾ?’ ಎಂದು ಕೇಳಿದರು. ಪುಸ್ತಿಕೆಯ 14 ಲಕ್ಷ ನೆನೆದು, ಸಂಕೋಚದಿಂದ, 8 ಲಕ್ಷ ಎಂದೆ. ಅವರು ಬರೆದುಕೊಂಡರು. ಆ ಅಂಕಿ ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ. ಕೇಳುವ ಅಗತ್ಯವೂ ಅವರಿಗೆ ಇರಲಿಲ್ಲ, ಏಕೆಂದರೆ ನಿವೇಶನ ಇತ್ತು. ಆಸ್ತಿ ಇಟ್ಟು ಸಾಲ ತೆಗೆದರೆ, ನಿಮ್ಮ ಪದವಿ ಆ ಬೆಲೆಗೆ ತಕ್ಕದ್ದೇ ಎಂದು ಬ್ಯಾಂಕು ನಿಮ್ಮ ಪರವಾಗಿ ಯೋಚಿಸುವುದಿಲ್ಲ. ಸಾಲ ಮಂಜೂರಾಯಿತು ಎಂದರೆ ಓದು ಒಳ್ಳೆಯದೇ ಇರಬೇಕು ಎಂದು ನಮ್ಮ ಮನೆಯಲ್ಲಿ ಎಲ್ಲರೂ ನಂಬಿದ್ದೆವು. ಆ ನಂಬಿಕೆಗೆ ಯಾವ ಆಧಾರವೂ ಇರಲಿಲ್ಲ.

ಅಪ್ಪ ಅಲ್ಲಿ ಕೇಳಿದ ಪ್ರಶ್ನೆ ಒಂದೇ. ‘ಬಡ್ಡಿ ಯಾವ ದಿನದಿಂದ?’ ಹಣ ಬಿಡುಗಡೆಯಾದ ದಿನದಿಂದಲೇ ಎಂದು ಉತ್ತರ ಬಂತು. ಓದಿನ ಅವಧಿ ಮತ್ತು ಆಮೇಲೆ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲ, ಆದರೆ ಬಡ್ಡಿ ಓಡುತ್ತಿರುತ್ತದೆ. ಆ ರಾತ್ರಿ ಅಪ್ಪ ಕಿರ್ದಿ ತೆಗೆದು ಲೆಕ್ಕ ಹಾಕಿದರು. ಮೊದಲ ಕಂತಿನ ಎರಡೂವರೆ ಲಕ್ಷಕ್ಕೆ ಶೇಕಡಾ 10.5ರಂತೆ ತಿಂಗಳಿಗೆ ಸುಮಾರು 2,200 ರೂಪಾಯಿ ಬಡ್ಡಿ. ‘ಇದನ್ನು ತಿಂಗಳು ತಿಂಗಳು ಕಟ್ಟಿಬಿಡೋಣ. ಬಡ್ಡಿ ಕಾಲಿಗೆ ಸುತ್ತಿಕೊಳ್ಳಬಾರದು’ ಎಂದರು. ಅವರ ಸಂಬಳ ಆಗ 14,000. ‘ಯಾರೂ ಕಟ್ಟುವುದಿಲ್ಲ ಅಪ್ಪಾ, ಕೆಲಸ ಸಿಕ್ಕ ಮೇಲೆ ನಾನೇ ಕಟ್ಟುತ್ತೇನೆ’ ಎಂದೆ. ಅವರ ಮೇಲಿನ ಕರುಣೆಯಿಂದ ಆಡಿದ ಮಾತು ಅದು. ಈಗ ಅದರ ಬೆಲೆ ಹೇಳಬಲ್ಲೆ. ನಾಲ್ಕು ಕಂತುಗಳಲ್ಲಿ ಬಿಡುಗಡೆಯಾದ 10 ಲಕ್ಷಕ್ಕೆ ಮರುಪಾವತಿ ಶುರುವಾಗುವ ಹೊತ್ತಿಗೆ ಸೇರಿಕೊಂಡ ಬಡ್ಡಿ 2,36,250. ಅದು ಅಸಲಿಗೆ ಕೂಡಿ ಸಾಲ 12,36,250 ಆಯಿತು. ಹತ್ತು ವರ್ಷದ ಅವಧಿಗೆ ತಿಂಗಳ ಕಂತು 16,680. ಬಡ್ಡಿಯನ್ನು ಆಗಾಗಲೇ ಕಟ್ಟಿದ್ದರೆ ಅದು 13,490ರ ಆಸುಪಾಸು ಇರುತ್ತಿತ್ತು. ಹತ್ತು ವರ್ಷಕ್ಕೆ ಈ ವ್ಯತ್ಯಾಸವೇ 3 ಲಕ್ಷ 82 ಸಾವಿರ. (ದರ ನಡುವೆ ಇಳಿದಿದೆ, ಏರಿದೆ. ಲೆಕ್ಕ ಸರಳವಾಗಲಿ ಎಂದು 10.5ನ್ನೇ ಇಟ್ಟುಕೊಂಡಿದ್ದೇನೆ.)

ಇನ್ನೊಂದು ಸಂಗತಿ ಬೆಂಗಳೂರಿಗೆ ಹೋದ ಮೇಲೆ ತಿಳಿಯಿತು. ವರ್ಷಕ್ಕೆ ನಾಲ್ಕೂವರೆ ಲಕ್ಷದೊಳಗೆ ಆದಾಯವಿರುವ ಕುಟುಂಬದ ಮಕ್ಕಳು ವೃತ್ತಿಪರ ಕೋರ್ಸು ಓದಿದರೆ, ಓದಿನ ಅವಧಿಯ ಬಡ್ಡಿಯನ್ನು ಕೇಂದ್ರ ಸರ್ಕಾರವೇ ಭರಿಸುವ ಯೋಜನೆಯೊಂದಿದೆ. ನಮ್ಮ ಮನೆಯ ಆದಾಯ ಆ ಮಿತಿಯ ಅರ್ಧದಷ್ಟೂ ಇರಲಿಲ್ಲ. ಆದರೆ 2018ರ ಏಪ್ರಿಲ್‌ನಿಂದ ಅದಕ್ಕೆ ಗುಣಮಟ್ಟ ಅಳೆಯುವ ರಾಷ್ಟ್ರೀಯ ಮಂಡಳಿಗಳ ಮಾನ್ಯತೆ, ಅಂದರೆ ಸಂಸ್ಥೆಗೆ ನ್ಯಾಕ್ ಮಾನ್ಯತೆ ಅಥವಾ ಕೋರ್ಸಿಗೆ ಎನ್‌ಬಿಎ ಮಾನ್ಯತೆ ಇರಬೇಕೆಂಬ ಷರತ್ತು ಸೇರಿತ್ತು. ನಾನು ಸೇರಿದ ಸಂಸ್ಥೆಗೆ ಎರಡೂ ಇರಲಿಲ್ಲ. ಪುಸ್ತಿಕೆಯಲ್ಲಿ ಈಜುಕೊಳದ ಚಿತ್ರವಿತ್ತು, ಮಾನ್ಯತೆಯ ಮಾತು ಎಲ್ಲೂ ಇರಲಿಲ್ಲ. ನಾನೂ ಹುಡುಕಲಿಲ್ಲ.

ಓದು ಕೆಟ್ಟದಾಗಿತ್ತು ಎಂದು ಹೇಳಲಾರೆ. ವೆಚ್ಚ ಲೆಕ್ಕಶಾಸ್ತ್ರ ಕಲಿಸಿದ ಅಧ್ಯಾಪಕಿಯ ಪಾಠ ಇವತ್ತಿಗೂ ಕೆಲಸಕ್ಕೆ ಬರುತ್ತಿದೆ. ಗಂಟಲು ಕಟ್ಟುವುದು ನಿಂತಿತು. ಮೂವತ್ತು ಜನರ ಮುಂದೆ ನಿಂತು ಮಾತನಾಡಿ, ಕೈ ನಡುಗದೆ ಬಂದು ಕೂತ ದಿನ ಅವ್ವನಿಗೆ ಫೋನು ಮಾಡಿ ಅತ್ತಿದ್ದೆ. ಇದೆಲ್ಲ ಲಾಭದ ಕಡೆಯೇ ಬರೆಯಬೇಕಾದದ್ದು.

2019ರ ಜನವರಿಯಲ್ಲಿ ನನ್ನನ್ನು ಉದ್ಯೋಗ ಮಾರ್ಗದರ್ಶನ ಸಮಿತಿಗೆ ವಿದ್ಯಾರ್ಥಿ ಪ್ರತಿನಿಧಿಯಾಗಿ ಹಾಕಿದರು. ಹಿರಿಯ ಬ್ಯಾಚಿನ ಪಟ್ಟಿಯನ್ನು ಕಂಪ್ಯೂಟರಿನಲ್ಲಿ ತುಂಬುವ ಕೆಲಸ. ಆಗ 14 ಲಕ್ಷದ ಸಾಲು ಕಣ್ಣಿಗೆ ಬಿತ್ತು. ಅದು ಒಬ್ಬರದೇ. ಆತ ಇಲ್ಲಿಗೆ ಬರುವ ಮೊದಲೇ ಆರು ವರ್ಷ ಎಂಜಿನಿಯರ್ ಆಗಿ ದುಡಿದವನು, ಹಳೆಯ ಕಂಪನಿಯೇ ವಾಪಸ್ ಕರೆದಿತ್ತು. ಕುತೂಹಲಕ್ಕೆ ಸಂಬಳದ ಕಾಲಮ್ಮನ್ನು ಹೆಚ್ಚಿನಿಂದ ಕಡಿಮೆಗೆ ಜೋಡಿಸಿ ನಟ್ಟನಡುವಿನ ಸಾಲಿಗೆ ಹೋದೆ. 4 ಲಕ್ಷ 20 ಸಾವಿರ. ಅದೂ ಕೆಲಸ ಸಿಕ್ಕವರ ನಡುವಿನದು, ಸಿಗದವರು ಆ ಪಟ್ಟಿಯಲ್ಲೇ ಇರಲಿಲ್ಲ. ಬೆರಳು ಕೀಲಿಮಣೆಯ ಮೇಲೆ ನಿಂತುಹೋಯಿತು. ಅಷ್ಟು ಹೊತ್ತಿಗೆ ನನ್ನ ಸಾಲದ ಎರಡು ಕಂತು, ಅಂದರೆ 5 ಲಕ್ಷ, ಸಂಸ್ಥೆಯ ಖಾತೆ ಸೇರಿಯಾಗಿತ್ತು. ಬಿಟ್ಟು ಬಂದರೆ 5 ಲಕ್ಷ ಸಾಲ, ಪದವಿಯಿಲ್ಲ. ಮುಂದುವರಿದರೆ 10 ಲಕ್ಷ ಸಾಲ, ಪದವಿಯುಂಟು. ಮುಂದುವರಿದೆ. ಆ ನಡುವಿನ ಸಾಲನ್ನು ಸೇರುವ ಮೊದಲೇ ನೋಡಬಹುದಿತ್ತೇ? ಬೇರೆ ಎಷ್ಟೋ ಕಡೆ ನೋಡಬಹುದು. ರಾಷ್ಟ್ರೀಯ ರ್‍ಯಾಂಕಿಂಗ್ ಪದ್ಧತಿಯಾದ ಎನ್‌ಐಆರ್‌ಎಫ್‌ಗೆ ಅರ್ಜಿ ಹಾಕುವ ಸಂಸ್ಥೆಗಳು ಎಷ್ಟು ಜನ ತೇರ್ಗಡೆಯಾದರು, ಎಷ್ಟು ಜನರಿಗೆ ಕೆಲಸ ಸಿಕ್ಕಿತು, ನಡುವಿನ ಸಂಬಳ ಎಷ್ಟು ಎಂಬ ವಿವರ ಕೊಡಬೇಕು. ಸಂಸ್ಥೆಯ ಜಾಲತಾಣದಲ್ಲೇ ಅದು ಸಿಗುತ್ತದೆ. ಸಿಗದಿದ್ದರೆ ಕೇಳಬೇಕು. ಕೇಳಿದರೂ ಕೊಡದಿದ್ದರೆ ಅದನ್ನೇ ಉತ್ತರ ಎಂದು ತಿಳಿಯಬೇಕು.

2020ರ ಫೆಬ್ರುವರಿಯಲ್ಲಿ ನನಗೆ ವರ್ಷಕ್ಕೆ 5.4 ಲಕ್ಷದ ಒಂದು ಕೆಲಸ ಖಾತ್ರಿಯಾಯಿತು. ಮುಂದಿನ ತಿಂಗಳು ದೇಶದ ಮೊದಲ ಕೋವಿಡ್ ಸಾವು ನಮ್ಮೂರಿನಲ್ಲೇ ಸಂಭವಿಸಿತು. ಟಿವಿಯಲ್ಲಿ ಕಲಬುರಗಿಯ ಹೆಸರು ಎಡೆಬಿಡದೆ ಓಡುತ್ತಿದ್ದಾಗ ಹಾಸ್ಟೆಲಿನಲ್ಲಿ ಕೆಲವರು ನನ್ನ ಪಕ್ಕ ಊಟಕ್ಕೆ ಕೂರಲು ಹಿಂಜರಿದರು. ಲಾಕ್‌ಡೌನ್‌ಗೆ ಮೊದಲು ಸಿಕ್ಕ ಕೊನೆಯ ಬಸ್ಸಿನಲ್ಲಿ ಮನೆ ಸೇರಿದೆ. ಜೂನ್‌ನಲ್ಲಿ ಕಂಪನಿಯಿಂದ ನಾಲ್ಕು ಸಾಲಿನ ಪತ್ರ ಬಂತು, ನೇಮಕಾತಿ ರದ್ದಾಗಿದೆ ಎಂದು. ಇದಕ್ಕೆ ಯಾರನ್ನೂ ದೂರಲಾರೆ. ಆದರೆ ಆ ಏಳು ತಿಂಗಳೂ ಕಿರ್ದಿಯಲ್ಲಿ ಬಡ್ಡಿಯ ಸಾಲು ತಪ್ಪಲಿಲ್ಲ. ಸಂಬಳ ನಿಲ್ಲುವಂತೆ ಬಡ್ಡಿ ನಿಲ್ಲುವುದಿಲ್ಲ.

2021ರ ಜನವರಿಯಲ್ಲಿ ಬೆಂಗಳೂರಿನ ಒಂದು ಖಾಸಗಿ ಹಣಕಾಸು ಕಂಪನಿಯಲ್ಲಿ ವಾಹನ ಸಾಲದ ಅರ್ಜಿಗಳನ್ನು ಪರಿಶೀಲಿಸುವ ಕೆಲಸ ಸಿಕ್ಕಿತು. ಕೈಗೆ 25,500. ಜಾಹೀರಾತಿನಲ್ಲಿ ಅರ್ಹತೆ ‘ಯಾವುದೇ ಪದವಿ’ ಎಂದಿತ್ತು. ನನ್ನ ಸಾಲಿನಲ್ಲಿ ಕೂತ ಎಂಟು ಜನರಲ್ಲಿ ಐವರು ಬರೀ ಬಿಕಾಂ, ಬಿಎ ಮಾಡಿದವರು. ಅವರಿಗೂ ನನಗೂ ಸಂಬಳದಲ್ಲಿ ಎರಡು ಸಾವಿರ ರೂಪಾಯಿಯ ವ್ಯತ್ಯಾಸ. ಜುಲೈಯಲ್ಲಿ ಕಂತು ಶುರುವಾಯಿತು. ಮಡಿವಾಳದ ಪೇಯಿಂಗ್ ಗೆಸ್ಟ್ ಮನೆಯ ಮೂವರ ಕೋಣೆಗೆ ಊಟ ಸೇರಿ 7,500, ಕಂತು 16,680. ಉಳಿದದ್ದು 1,320. ಬಸ್ ಪಾಸಿಗೂ ಅದೇ, ಚಪ್ಪಲಿ ಹರಿದರೂ ಅದೇ. ಮನೆಗೆ ಹಣ ಕಳಿಸುತ್ತೇನೆ ಎಂದು ಹೋದವಳಿಗೆ ಅಪ್ಪನೇ ತಿಂಗಳಿಗೆ 3,000 ಕಳಿಸತೊಡಗಿದರು.

ನವೆಂಬರಿನಲ್ಲಿ ಒಂದು ಸಲ ಸಂಬಳ ಎರಡು ದಿನ ತಡವಾಯಿತು. ಕಂತಿನ ದಿನ 5ನೇ ತಾರೀಖು, ಖಾತೆಯಲ್ಲಿ ಹಣವಿಲ್ಲ. ದಂಡ ಬಿತ್ತು, ಅದು ದೊಡ್ಡದಲ್ಲ. ಫೋನು ಹೋದದ್ದು ನನಗಲ್ಲ, ಸಹಸಾಲಗಾರರಿಗೆ. ಅಪ್ಪ ಆಗ ಮಿಲ್ಲಿನ ತೂಕದ ಕಟ್ಟೆಯ ಹತ್ತಿರ ಚೀಲ ಎಣಿಸುತ್ತಿದ್ದರಂತೆ. ಯಂತ್ರದ ಸದ್ದಿನಲ್ಲಿ ಕೇಳಿಸದೆ, ‘ಯಾರು? ಯಾವ ಸಾಲ?’ ಎಂದು ಗಟ್ಟಿಯಾಗಿ ಕೇಳಿದರಂತೆ. ಹಮಾಲರು, ಮಾಲಕರು, ತೊಗರಿ ತಂದ ರೈತರು, ಎಲ್ಲರೂ ತಿರುಗಿ ನೋಡಿದರಂತೆ. ಇಪ್ಪತ್ತು ವರ್ಷ ಇನ್ನೊಬ್ಬರ ಬಾಕಿಯನ್ನು ಬರೆದಿಟ್ಟ ಮನುಷ್ಯ ಅವರು, ತಮ್ಮ ಹೆಸರಿನಲ್ಲಿ ಅಂಗಡಿಯ ಬಾಕಿಯನ್ನೂ ಇಟ್ಟವರಲ್ಲ. ಇದನ್ನು ಅವರು ನನಗೆ ಹೇಳಲಿಲ್ಲ, ಅವ್ವ ಹೇಳಿದ್ದು. ಆ ತಿಂಗಳ ಸಾಲಿನ ಪಕ್ಕ ಕಿರ್ದಿಯಲ್ಲಿ ‘2 ದಿನ ತಡ’ ಎಂದು ಸಣ್ಣ ಅಕ್ಷರದಲ್ಲಿದೆ.

ಮೊದಲ ವರ್ಷ ಮುಗಿದಾಗ ಕಟ್ಟಿದ್ದು 2 ಲಕ್ಷ. ಅಸಲು ಕರಗಿದ್ದು 74 ಸಾವಿರ. ಉಳಿದದ್ದೆಲ್ಲ ಬಡ್ಡಿ. ಕಂತು ಎಂಬುದು ಮೊದಮೊದಲು ಹೆಚ್ಚಾಗಿ ಬಡ್ಡಿಗೇ ಹೋಗುತ್ತದೆ, ಅಸಲಿನ ಮೈ ಕರಗುವುದು ಕೊನೆಯ ವರ್ಷಗಳಲ್ಲಿ ಎಂಬುದು ನನಗೆ ಪುಸ್ತಕದಲ್ಲಿ ಗೊತ್ತಿತ್ತು. ನನ್ನದೇ ಸಂಬಳದಲ್ಲಿ ನೋಡಿದ್ದು ಆಗಲೇ.

ಆದರೆ ಸಾಲ ನನ್ನಿಂದ ಕಸಿದುಕೊಂಡದ್ದರಲ್ಲಿ ಹಣ ಎರಡನೆಯದು. ತಮ್ಮನಿಗೆ ಮುಖ್ಯವಾಗಿ ಹೇಳಬೇಕಾದದ್ದು ಇದನ್ನು. 2022ರ ಮೇ ತಿಂಗಳಲ್ಲಿ ಆಳಂದ ಕಡೆಯ ಒಂದು ರೈತ ಉತ್ಪಾದಕರ ಕಂಪನಿಯವರು, ಬೇಳೆಯನ್ನು ತಾವೇ ಪ್ಯಾಕ್ ಮಾಡಿ ಮಾರುವ ಯೋಜನೆಗೆ ಲೆಕ್ಕ ಮತ್ತು ಮಾರಾಟ ನೋಡಿಕೊಳ್ಳಲು ಒಬ್ಬರನ್ನು ಹುಡುಕುತ್ತಿದ್ದರು. 2019ರಲ್ಲಿ ಗುಲ್ಬರ್ಗಾ ತೊಗರಿ ಬೇಳೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತ್ತು. ಆ ಹೆಸರನ್ನು ಬಳಸಿ ಬೆಂಗಳೂರು, ಪುಣೆಯ ಅಂಗಡಿಗಳಿಗೆ ನೇರವಾಗಿ ಮಾಲು ಕೊಡಬೇಕೆಂಬುದು ಅವರ ಆಸೆ. ನಾನು ಓದಿದ್ದು ಇದನ್ನೇ. ಅಷ್ಟೇ ಅಲ್ಲ, ತೊಗರಿ ನನ್ನ ಮನೆಯ ವಿಷಯ. ಅಪ್ಪ ಒಂದು ಕಾಳನ್ನು ಹಲ್ಲಿನ ನಡುವೆ ಇಟ್ಟು ಕಚ್ಚಿ ತೇವ ಎಷ್ಟಿದೆ ಎಂದು ಹೇಳುತ್ತಾರೆ. ಕಟ್ ಎಂದು ಎರಡಾದರೆ ಮಿಲ್ಲಿಗೆ ಹಾಕಬಹುದು, ಹಲ್ಲಿಗೆ ಮೆತ್ತಗೆ ಒತ್ತಿಕೊಂಡರೆ ಇನ್ನೂ ಒಣಗಿಸಬೇಕು. ಚಿಕ್ಕವಳಿದ್ದಾಗ ನನಗೂ ಕಲಿಸಿದ್ದರು. ಸಂದರ್ಶನಕ್ಕೆ ಹೋದಾಗ ಮೇಜಿನ ಮೇಲೆ ಮಾದರಿ ಬಟ್ಟಲುಗಳಿದ್ದವು. ಒಂದು ಕಾಳು ಕಚ್ಚಿ, ‘ಇದು ಇನ್ನೂ ಹಸಿ’ ಎಂದೆ. ಅಲ್ಲಿ ಕೂತಿದ್ದ ಹಿರಿಯ ರೈತರೊಬ್ಬರು ನಕ್ಕು, ‘ಇವಳನ್ನೇ ತೆಗೆದುಕೊಳ್ಳಿ’ ಎಂದರು.

ಅವರು ಕೊಡಬಹುದಾಗಿದ್ದದ್ದು 15,000. ನನ್ನ ಕಂತಿಗಿಂತ 1,680 ರೂಪಾಯಿ ಕಡಿಮೆ. ಮನೆಯಲ್ಲೇ ಇರಬಹುದಿತ್ತು, ಬಾಡಿಗೆ ಬೇಡ, ಊಟದ ಚಿಂತೆಯಿಲ್ಲ. ಸಾಲವಿಲ್ಲದಿದ್ದರೆ ಮರುದಿನವೇ ಸೇರುತ್ತಿದ್ದೆ. ಮೂರು ದಿನ ಕಾಯಿಸಿ ಆಗುವುದಿಲ್ಲ ಎಂದು ಹೇಳಿದೆ. ಯಾವ ಕೆಲಸಕ್ಕಾಗಿ ಆ ಪದವಿ ಪಡೆದೆನೋ, ಆ ಪದವಿಯ ಸಾಲವೇ ಆ ಕೆಲಸ ಮಾಡಲು ಬಿಡಲಿಲ್ಲ. ನನ್ನ ಪಕ್ಕದ ಕುರ್ಚಿಯಲ್ಲಿ ಅದೇ ಸಂಸ್ಥೆಯ, ಅದೇ ಬ್ಯಾಚಿನ ಗೆಳತಿಯೊಬ್ಬಳು ಇದ್ದಳು. ಅವಳ ಶುಲ್ಕವನ್ನು ಮನೆಯವರು ಉಳಿತಾಯದಿಂದ ಕಟ್ಟಿದ್ದರು. ಅದೇ ವರ್ಷ ಅವಳು ನಮ್ಮ ಕಂಪನಿ ಬಿಟ್ಟು, ಅರ್ಧ ಸಂಬಳಕ್ಕೆ, ತನಗೆ ಇಷ್ಟವಾದ ಒಂದು ಹೊಸ ಸಂಸ್ಥೆ ಸೇರಿದಳು. ಎರಡು ವರ್ಷ ಅಲ್ಲಿ ಕಲಿತು ಈಗ ನನಗಿಂತ ಬಹಳ ಮುಂದಿದ್ದಾಳೆ. ಅವಳ ಬಗ್ಗೆ ನನಗೆ ಅಸೂಯೆಯಿಲ್ಲ. ಪದವಿ ಒಂದೇ, ಅಂಕಪಟ್ಟಿಯೂ ಹೆಚ್ಚುಕಡಿಮೆ ಒಂದೇ. ಅವಳಿಗೆ ಎರಡು ವರ್ಷ ಕಡಿಮೆ ಸಂಬಳಕ್ಕೆ ದುಡಿಯುವ ಶಕ್ತಿ ಇತ್ತು, ನನಗೆ ಎರಡು ದಿನ ತಡ ಮಾಡುವ ಶಕ್ತಿಯೂ ಇರಲಿಲ್ಲ.

ಆ ವರ್ಷದ ಕೊನೆಯಲ್ಲಿ ಜಿಲ್ಲೆಯ ತೊಗರಿಗೆ ನೆಟೆ ರೋಗ ಬಿತ್ತು. ಹೂವು, ಕಾಯಿ ಹಿಡಿದ ಗಿಡಗಳು ನಿಂತಲ್ಲೇ ಒಣಗಿದವು. ಮಿಲ್ಲಿಗೆ ಮಾಲು ಬರಲಿಲ್ಲ, ಅಪ್ಪನಿಗೆ ಮೂರು ತಿಂಗಳು ಅರ್ಧ ಸಂಬಳ. ಅದೇ ಕಾಲಕ್ಕೆ ರಿಸರ್ವ್ ಬ್ಯಾಂಕ್, ತಾನು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿಯಾದ ರೆಪೊ ದರವನ್ನು ಮೇ 2022ರಿಂದ ಫೆಬ್ರುವರಿ 2023ರೊಳಗೆ ಶೇಕಡಾ 4ರಿಂದ 6.5ಕ್ಕೆ ಏರಿಸಿತು. ನನ್ನ ಸಾಲದ ದರವೂ ಹಿಂದೆಯೇ ಏರಿತು. 2023ರಲ್ಲಿ ಕಂಪನಿಯ ಕಲಬುರಗಿ ಶಾಖೆಗೆ ವರ್ಗ ಕೇಳಿ ಪಡೆದೆ. ಕೈಗೆ 34,000, ಬಾಡಿಗೆಯಿಲ್ಲ. ಉಸಿರಾಡುವಂತಾಯಿತು.

ಅದೇ ವರ್ಷ ಬಸವಕಲ್ಯಾಣ ಕಡೆಯಿಂದ ಒಂದು ಸಂಬಂಧ ಬಂದಿತ್ತು. ಹುಡುಗ ಒಳ್ಳೆಯವನು, ಮಾತು ಮುಂದುವರಿದಿತ್ತು. ಅವಲಕ್ಕಿಯ ತಟ್ಟೆ ಕೈಯಲ್ಲಿ ಹಿಡಿದು ಅವರ ಸೋದರಮಾವ ಕೇಳಿದರು, ‘ಮದುವೆಯ ನಂತರ ಕಂತು ಯಾರದು?’ ನಾನೇ ಕಟ್ಟುತ್ತೇನೆ ಎಂದೆ. ‘ಮದುವೆಯಾದ ಮೇಲೆ ನಿನ್ನ ಸಂಬಳ ಎಂದರೆ ನಮ್ಮ ಮನೆಯದಲ್ಲವೇ?’ ಎಂದರು. ಮಾತು ಅಲ್ಲಿಗೇ ನಿಂತಿತು. ಗಂಡುಮಕ್ಕಳು ಸಾಲ ಮಾಡಿ ಓದಿದರೆ ನಮ್ಮ ಕಡೆ ಅದನ್ನು ಕನ್ಯೆಯ ಮನೆಯವರಿಂದ ವಸೂಲಿ ಮಾಡುವ ಲೆಕ್ಕ ಇನ್ನೂ ಸತ್ತಿಲ್ಲ. ಹೆಣ್ಣುಮಗಳ ಸಾಲವನ್ನು ಮಾತ್ರ ಅವಳ ದೋಷ ಎಂಬಂತೆ ಜಾತಕದ ಪಕ್ಕದಲ್ಲಿ ಇಟ್ಟು ನೋಡುತ್ತಾರೆ. ಈ ಮಾತನ್ನು ಕಹಿಯಿಲ್ಲದೆ ಬರೆಯಲು ನನಗೆ ಸಾಧ್ಯವಿಲ್ಲ.

ಹಾಗಾದರೆ ಸಾಲ ಮಾಡಿ ಓದಲೇಬಾರದೇ? ಯಾದಗಿರಿಯಲ್ಲಿರುವ ನನ್ನ ಚಿಕ್ಕಮ್ಮನ ಮಗಳು 3.8 ಲಕ್ಷ ಸಾಲ ತೆಗೆದು ಬಿಎಸ್ಸಿ ನರ್ಸಿಂಗ್ ಓದಿದಳು. 4 ಲಕ್ಷದೊಳಗಿನ ಸಾಲವಾದ್ದರಿಂದ ಮನೆ ಅಡವಿಡಲಿಲ್ಲ. ಓದಿನ ಅವಧಿಯ ಬಡ್ಡಿ ಸರ್ಕಾರದಿಂದ ಬಂತು. ಮುಗಿದ ಎರಡನೆಯ ತಿಂಗಳಿಗೆ ಹೈದರಾಬಾದಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು, ಮೂರು ವರ್ಷದಲ್ಲಿ ಸಾಲ ತೀರಿತು. ಅವಳ ಓದಿಗೂ ನನ್ನ ಓದಿಗೂ ಇರುವ ಅಂತರವನ್ನು ಯೋಚಿಸಿದ್ದೇನೆ. ನರ್ಸಿಂಗ್ ಓದಿ ನೋಂದಣಿ ಮಾಡಿಸದವರು ಆ ಕೆಲಸ ಮಾಡುವಂತೆಯೇ ಇಲ್ಲ. ನನ್ನ ಕೆಲಸಕ್ಕೆ ನನ್ನ ಪದವಿ ಬೇಕಾಗಿಯೇ ಇರಲಿಲ್ಲ. ನನ್ನ ಜೊತೆ ಬಿಕಾಂ ಓದಿದ ಇನ್ನೊಬ್ಬಳು ಗುಲಬರ್ಗಾ ವಿಶ್ವವಿದ್ಯಾಲಯದಲ್ಲೇ ಎಂಕಾಂ ಮಾಡಿ, ನಮ್ಮ ಭಾಗದವರಿಗೆ ಸಂವಿಧಾನ ಕೊಟ್ಟ 371(ಜೆ) ಮೀಸಲಾತಿಯಲ್ಲಿ ಪ್ರಥಮ ದರ್ಜೆ ಸಹಾಯಕಿಯಾಗಿದ್ದಾಳೆ. ಅವಳ ದಾರಿ ಸುಲಭ ಎಂದು ಭಾವಿಸಬೇಡಿ, ನಾಲ್ಕು ವರ್ಷ ಗ್ರಂಥಾಲಯದಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಕೂತು, ಎರಡು ಸಲ ಸೋತು ಪಡೆದದ್ದು. ಆದರೆ ಸೋತ ವರ್ಷಗಳಲ್ಲಿ ಅವಳ ಅಪ್ಪನಿಗೆ ಯಾರೂ ಫೋನು ಮಾಡಲಿಲ್ಲ.

ಈಗ ತಮ್ಮನ ವಿಷಯ. ಅವನ ಖಾಸಗಿ ವಿಶ್ವವಿದ್ಯಾಲಯದ ಕಂಪ್ಯೂಟರ್ ಎಂಜಿನಿಯರಿಂಗ್ ಸೀಟಿಗೆ ವರ್ಷಕ್ಕೆ 4 ಲಕ್ಷ. ನಾಲ್ಕು ವರ್ಷಕ್ಕೆ 16 ಲಕ್ಷ, ಹಾಸ್ಟೆಲ್ ಬೇರೆ. 2024ರ ನವೆಂಬರಿನಲ್ಲಿ ಕೇಂದ್ರ ತಂದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಆಯ್ದ ಉನ್ನತ ಸಂಸ್ಥೆಗಳಿಗೆ ಸೇರಿದವರಿಗೆ ಅಡಮಾನವಿಲ್ಲದೆ, ಜಾಮೀನಿಲ್ಲದೆ ಸಾಲ ಸಿಗುತ್ತದೆ. ಮೊದಲು ಆ ಪಟ್ಟಿ ತೆಗೆದು ನೋಡಿದೆವು. ಈ ವಿಶ್ವವಿದ್ಯಾಲಯ ಅದರಲ್ಲಿಲ್ಲ. ಅಡವಿಡಲು ನಮ್ಮಲ್ಲಿ ಎರಡನೆಯ ನಿವೇಶನವಿಲ್ಲ, ಮೊದಲನೆಯದರ ಪತ್ರಗಳು ಇನ್ನೂ ಬ್ಯಾಂಕಿನ ಕಪಾಟಿನಲ್ಲಿವೆ. ಆದರೂ ಅಪ್ಪ ಮೊನ್ನೆ ಮಿಲ್ಲಿನ ಮಾಲಕರನ್ನು ಕೈಗಡ ಕೇಳುವ ಮಾತೆತ್ತಿದರು. ‘ಮಗಳಿಗೆ ಮಾಡಿ ಮಗನಿಗೆ ಮಾಡದಿದ್ದರೆ ಅವನು ಏನೆಂದುಕೊಂಡಾನು’ ಎಂದರು. ಆ ಮಾತು ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಕೆಸಿಇಟಿಯಲ್ಲಿ ಅವನ ರ್‍ಯಾಂಕ್ ಸಾಧಾರಣ. ಆದರೆ ನಮ್ಮ ಭಾಗದ ಕಾಲೇಜುಗಳಲ್ಲಿ ಶೇಕಡಾ 70ರಷ್ಟು ಸೀಟುಗಳು ಇಲ್ಲಿಯವರಿಗೇ ಮೀಸಲು. ಊರಿನಲ್ಲೇ ಎಂಜಿನಿಯರಿಂಗ್ ಸೀಟು ಸಿಗುತ್ತದೆ, ಕಂಪ್ಯೂಟರ್ ವಿಭಾಗವೇ ಸಿಗುತ್ತದೆಂಬ ಖಾತ್ರಿಯಿಲ್ಲ. ಅವನಿಗೆ ಅದೇ ಸಿಟ್ಟು. ‘ನೀನು ಹೋಗಿ ಬಂದೆ, ಈಗ ನನಗೆ ಬೇಡ ಎನ್ನುತ್ತೀಯಾ’ ಎಂದ. ನ್ಯಾಯವಾದ ಮಾತು. ಬೇಡ ಎನ್ನುವ ಹಕ್ಕು ನನಗಿಲ್ಲ. ಹಾಗಾಗಿ ಒಂದು ಕೆಲಸ ಒಪ್ಪಿಸಿದೆ. ಆ ವಿಶ್ವವಿದ್ಯಾಲಯಕ್ಕೆ ಫೋನು ಮಾಡಿ, ಕಳೆದ ವರ್ಷ ನಿಮ್ಮ ಕಂಪ್ಯೂಟರ್ ವಿಭಾಗದಲ್ಲಿ ಎಷ್ಟು ಜನ ಮುಗಿಸಿದರು, ಎಷ್ಟು ಜನರಿಗೆ ಕೆಲಸ ಸಿಕ್ಕಿತು, ಪಟ್ಟಿಯ ನಟ್ಟನಡುವಿನವನ ಸಂಬಳ ಎಷ್ಟು ಎಂದು ಕೇಳು, ಗರಿಷ್ಠ ಎಷ್ಟು ಎಂದು ಮಾತ್ರ ಕೇಳಬೇಡ ಎಂದೆ.

ಮೂರು ಸಲ ಮಾಡಿದ. ಮೊದಲ ಸಲ ಜಾಲತಾಣ ನೋಡಿ ಎಂದರು. ಎರಡನೆಯ ಸಲ ಮಿಂಚಂಚೆ ಕಳಿಸುತ್ತೇವೆ ಎಂದರು. ಮೂರನೆಯ ಸಲ, ಸೀಟುಗಳು ಮುಗಿಯುತ್ತಿವೆ, 25,000 ಕಟ್ಟಿ ಕಾಯ್ದಿರಿಸಿಕೊಳ್ಳಿ, ಉಳಿದದ್ದು ಆಮೇಲೆ ಮಾತನಾಡೋಣ ಎಂದರು. ಫೋನಿಟ್ಟು ಬಹಳ ಹೊತ್ತು ಸುಮ್ಮನೆ ಕೂತಿದ್ದ. ಆಮೇಲೆ ಲ್ಯಾಪ್‌ಟಾಪ್ ತೆರೆದು ಪರೀಕ್ಷಾ ಪ್ರಾಧಿಕಾರದ ಪುಟದಲ್ಲಿ ಆಯ್ಕೆಗಳನ್ನು ತುಂಬಲು ಶುರು ಮಾಡಿದ. ಊರಿನ ಕಾಲೇಜಿನ ಕಂಪ್ಯೂಟರ್ ವಿಭಾಗವನ್ನು ಮೊದಲಿಗೆ ಹಾಕಿದ, ಎಲೆಕ್ಟ್ರಾನಿಕ್ಸ್ ಎರಡನೆಯದು, ರಾಯಚೂರಿನದು ಮೂರನೆಯದು. ಅಪ್ಪ ಮಿಲ್ಲಿನಿಂದ ಬಂದು ಕೈಕಾಲು ತೊಳೆದು ಅವನ ಹಿಂದೆ ನಿಂತರು. ‘ಅಕ್ಕಾ, ನಾಲ್ಕನೆಯದು ಯಾವುದು ಹಾಕಲಿ?’ ಎಂದು ಕೇಳಿದ. ಕುರ್ಚಿ ಎಳೆದುಕೊಂಡು ಪಕ್ಕ ಕೂತೆ.